ನೂರೇ ಕಾರು ಬಂದವು, ನೂರೂ ಖಾಲಿ: ಅಪರೂಪದ ವೇಗದ ಕಾರಿಗೆ ಮುಂದೆ ಬೆಲೆ ಬರುತ್ತದಾ?

2025ರ ಅಕ್ಟೋಬರ್‌ನಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ ಎಂಬ ಕಾರನ್ನು ಭಾರತಕ್ಕೆ ತಂದಿತು. ಇಡೀ ದೇಶಕ್ಕೆ 100 ಕಾರು. ಷೋರೂಮ್ ಬೆಲೆ 49.99 ಲಕ್ಷ ರೂಪಾಯಿ. ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ನೂರೂ ಖಾಲಿ. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯ ಮೊದಲ 150 ಕಾರುಗಳೂ ಹೀಗೇ ಹೋಗಿದ್ದವು.

ಆ ವಾರ ಠಾಣೆಯಿಂದ ನನ್ನ ಸೋದರಳಿಯನ ಫೋನ್ ಬಂತು. ಅಪ್ಪನ ಹೋಟೆಲ್ ನೋಡಿಕೊಳ್ಳುವ ಹುಡುಗ, ಕಾರು ಅಂದರೆ ಪ್ರಾಣ. "ಮಾವ, ಒಂದು ತಗೊಂಡು ಕವರ್ ಹಾಕಿ ಇಟ್ಟುಬಿಡೋಣ ಅಂತಿದ್ದೆ, ಸಿಗಲಿಲ್ಲ. ಸಿಕ್ಕಿದವರು ಯಾರಾದ್ರೂ ಐದು ಲಕ್ಷ ಜಾಸ್ತಿ ಕೇಳಿದ್ರೆ ಕೊಡ್ಲಾ? ಹತ್ತು ವರ್ಷಕ್ಕೆ ಡಬಲ್ ಆಗಲ್ವಾ?"

ಎರಡು ದಿನ ಟೈಮ್ ಕೊಡು ಅಂದೆ. ಪುಣೆಯಲ್ಲಿ ನಮ್ಮ ಪರಿಚಯದ ಇಬ್ಬರು ಮೂವರು ಹುಡುಗರೂ ಇದೇ ಪ್ರಶ್ನೆ ಕೇಳಿದ್ದರು. ದುಡಿದ ದುಡ್ಡು, ಸಣ್ಣ ಮೊತ್ತವೂ ಅಲ್ಲ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ವೇಗದ ಕಾರು ಅಂದರೆ ಯಾವುದು?

ಎಂಜಿನ್ ದೊಡ್ಡದಿದ್ದ ಮಾತ್ರಕ್ಕೆ ಕಾರು ವೇಗದ್ದಾಗುವುದಿಲ್ಲ. ದಾದರ್ ಮಾರ್ಕೆಟ್‌ನಲ್ಲಿ ಇಬ್ಬರು ಹಮಾಲರನ್ನು ನೋಡಿ. ಇಬ್ಬರಿಗೂ ಒಂದೇ ಶಕ್ತಿ. ಒಬ್ಬನ ತಲೆಯ ಮೇಲೆ ಹೂವಿನ ಬುಟ್ಟಿ, ಇನ್ನೊಬ್ಬನ ತಲೆಯ ಮೇಲೆ ಈರುಳ್ಳಿ ಮೂಟೆ. ಯಾರು ಮುಂದೆ ಓಡುತ್ತಾನೆ ಅಂತ ಹೇಳಬೇಕಾಗಿಲ್ಲ. ಕಾರಿನಲ್ಲೂ ಅಷ್ಟೇ. ಎಂಜಿನ್ ಎಷ್ಟು ಎಚ್‌ಪಿ (ಅಶ್ವಶಕ್ತಿ, ಎಂಜಿನ್ನಿನ ಬಲದ ಅಳತೆ) ಕೊಡುತ್ತದೆ, ಅದು ಎಷ್ಟು ತೂಕ ಎಳೆಯಬೇಕು ಎಂಬ ಎರಡನ್ನೂ ಒಟ್ಟಿಗೆ ನೋಡಬೇಕು. ಹಳೆಯ ಮಾರುತಿ 800ಕ್ಕೆ 37 ಎಚ್‌ಪಿ, ತೂಕ ಸುಮಾರು 650 ಕಿಲೋ. ಅಂದರೆ ಒಂದು ಟನ್ನಿಗೆ 57 ಎಚ್‌ಪಿಯಷ್ಟು. ಆಕ್ಟೇವಿಯಾ ಆರ್‌ಎಸ್‌ಗೆ 265 ಎಚ್‌ಪಿ, ತೂಕ ಒಂದೂವರೆ ಟನ್ ಆಸುಪಾಸು. ಟನ್ನಿಗೆ 170ಕ್ಕೂ ಮೇಲೆ ಬಂತು. ಇದರ ಜೊತೆಗೆ ಗಟ್ಟಿ ಬ್ರೇಕು, ತಿರುವಿನಲ್ಲಿ ವಾಲದ ಸಸ್ಪೆನ್ಷನ್, ರಸ್ತೆ ಹಿಡಿಯುವ ಟೈರು ಸೇರಿದರೆ ಅದನ್ನು ಪರ್ಫಾರ್ಮೆನ್ಸ್ ಕಾರು ಅನ್ನುತ್ತಾರೆ.

ಇನ್ನೊಂದು ಮಾತು "ಕಲೆಕ್ಟಬಲ್". ಸಂಗ್ರಹಕ್ಕೆ ಯೋಗ್ಯವಾದದ್ದು ಎಂದು ಅರ್ಥ. ಓಡಾಟಕ್ಕೆ ಬೇಕು ಅಂತ ಯಾರೂ ಇದನ್ನು ಕೊಳ್ಳುವುದಿಲ್ಲ. ಅದಕ್ಕಿಂತ ಒಳ್ಳೆಯ, ಅಗ್ಗದ ಹೊಸ ಕಾರು ಬೇಕಾದಷ್ಟಿವೆ. ಆದರೂ ಅದೇ ಕಾರು ಬೇಕು ಅಂತ ಜನ ಹುಡುಕಿಕೊಂಡು ಬಂದರೆ, ಆಗ ಅದು ಕಲೆಕ್ಟಬಲ್.

ಬಾವಿಗೆ ಇಳಿಬಿಟ್ಟ ಕೊಡ

ಕಾರಿನ ಬೆಲೆ ಬಾವಿಗೆ ಇಳಿಬಿಟ್ಟ ಕೊಡದ ಹಾಗೆ. ಇಳಿಯುವಾಗ ಎಲ್ಲ ಕೊಡವೂ ಇಳಿಯುತ್ತದೆ. ಮೇಲೆ ಬರುವುದು ಹಗ್ಗ ಇರುವುದು ಮಾತ್ರ. ಷೋರೂಮಿನಿಂದ ಆಚೆ ಬಂದ ದಿನವೇ ಇಳಿಕೆ ಶುರು. ಮೊದಲ ಐದು ವರ್ಷ ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗಿ. ಹದಿನೈದು ಇಪ್ಪತ್ತು ವರ್ಷಕ್ಕೆ ತಳ ಮುಟ್ಟುತ್ತದೆ. ಹೆಚ್ಚಿನವು ಅಲ್ಲಿಂದ ಕುರ್ಲಾದ ಗುಜರಿಗೆ ಹೋಗುತ್ತವೆ. ಕೆಲವು ಮಾತ್ರ ಅಲ್ಲೇ ನಿಂತು, ಮೆಲ್ಲಗೆ ಏರತೊಡಗುತ್ತವೆ.

ನಮ್ಮ ಊರಿನ ಉದಾಹರಣೆ ಬೇಕಾದರೆ ಯಮಹಾ ಆರ್‌ಎಕ್ಸ್ 100 ಬೈಕು ಇದೆ. 1985ರಿಂದ 1996ರವರೆಗೆ ಬಂತು. ಒಂದು ಕಾಲದಲ್ಲಿ ಹಾಲಿನವರು, ಪೇಪರ್ ಹುಡುಗರು ಓಡಿಸುತ್ತಿದ್ದ ಹಳೇ ಬೈಕು. ಇವತ್ತು ಚೆನ್ನಾಗಿ ಇಟ್ಟುಕೊಂಡ ಗಾಡಿಗೆ ಲಕ್ಷ ದಾಟಿ ಕೇಳುತ್ತಾರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಥೆಯೂ ಇದೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆರ್‌ಎಕ್ಸ್ 100 ಹುಟ್ಟುವಾಗ ಅಪರೂಪದ್ದೇ ಅಲ್ಲ. ಊರಿಗೆ ಹತ್ತು ಇದ್ದವು. ಕಂಪನಿ "ಲಿಮಿಟೆಡ್ ಎಡಿಷನ್" ಅಂತ ಬರೆದು ಮಾರಲಿಲ್ಲ. ಜನ ಅದನ್ನು ಓಡಿಸಿ, ಬೀಳಿಸಿ, ಬದಲಾಯಿಸಿ ಮುಗಿಸಿದ ಮೇಲೆ ಒಳ್ಳೆಯವು ಅಪರೂಪವಾದವು. ಅಷ್ಟರಲ್ಲಿ ಅದರ ಶಬ್ದ ಕೇಳುತ್ತಾ ಬೆಳೆದ ಹುಡುಗರು ಸಂಬಳ ತರುವ ದೊಡ್ಡವರಾಗಿದ್ದರು. ಆ ಕೊಡಕ್ಕೆ ಹಗ್ಗ ಸಿಕ್ಕಿದ್ದು ಹಾಗೆ.

ಕಡಿಮೆ ಇದ್ದರೆ ಸಾಕಾ?

ಸಾಲದು. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಏಕೆಂದರೆ ಜನ ಮೋಸಹೋಗುವುದು ಇಲ್ಲೇ.

ಗೋವಾದಲ್ಲಿ ಒಂದು ಕಾರು ತಯಾರಾಗುತ್ತಿತ್ತು, ಗೊತ್ತಾ? ಸ್ಯಾನ್ ಸ್ಟಾರ್ಮ್ ಅಂತ. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗದ್ದು. 1990ರ ದಶಕದ ಕೊನೆಯಲ್ಲಿ ಬಂದ, ಇಬ್ಬರೇ ಕೂರುವ, ಮೇಲ್ಛಾವಣಿ ತೆಗೆಯಬಹುದಾದ ಪುಟ್ಟ ಕಾರು. ಫೈಬರ್ ಮೈ, ರೆನೋ ಎಂಜಿನ್, ಸುಮಾರು 60 ಎಚ್‌ಪಿ. ರಸ್ತೆಯಲ್ಲಿ ಅದನ್ನು ನೋಡಿದ್ದು ನಿಮಗೆ ನೆನಪಿದೆಯಾ? ಬಹುಶಃ ಇಲ್ಲ. ಅಷ್ಟು ಅಪರೂಪ. ನನಗೆ ಆ ಕಾರಿನ ಮೇಲೆ ಪ್ರೀತಿಯಿದೆ. ನಮ್ಮವರು ಧೈರ್ಯ ಮಾಡಿ ಕಟ್ಟಿದ್ದು. ಆದರೂ ಅದಕ್ಕಾಗಿ ಕೊಳ್ಳುವವರು ಸಾಲು ನಿಂತಿಲ್ಲ. ಯಾರ ಕನಸಿನಲ್ಲೂ ಅದು ಗಟ್ಟಿಯಾಗಿ ಕೂತಿರಲಿಲ್ಲ, ಅದಕ್ಕೆ.

ಇನ್ನೊಂದು ಕಥೆ ಇಂಗ್ಲೆಂಡಿನದು. 1988ರ ಬರ್ಮಿಂಗ್‌ಹ್ಯಾಮ್ ಮೋಟಾರ್ ಷೋನಲ್ಲಿ ಜಾಗ್ವಾರ್ ಕಂಪನಿ ಎಕ್ಸ್‌ಜೆ220 ಎಂಬ ಕಾರಿನ ಮಾದರಿ ತೋರಿಸಿತು. ಹನ್ನೆರಡು ಸಿಲಿಂಡರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆಗ ಸಂಗ್ರಹದ ಕಾರುಗಳ ಬೆಲೆ ಹುಚ್ಚಾಪಟ್ಟೆ ಏರುತ್ತಿದ್ದ ಕಾಲ. ಅದೇ ವರ್ಷ ಎಂಜೊ ಫೆರಾರಿ ತೀರಿಕೊಂಡಿದ್ದರು, ಫೆರಾರಿ ಕಾರುಗಳ ಬೆಲೆಗೆ ಇನ್ನಷ್ಟು ರೆಕ್ಕೆ ಬಂದಿತ್ತು. ಜಾಗ್ವಾರ್‌ಗೆ ಸಾವಿರಕ್ಕೂ ಹೆಚ್ಚು ಜನ 50,000 ಪೌಂಡ್ ಮುಂಗಡ ಕೊಟ್ಟು ನಿಂತರು. ಎಷ್ಟೋ ಜನಕ್ಕೆ ಓಡಿಸುವ ಆಸೆಯೇ ಇರಲಿಲ್ಲ, ತಗೊಂಡು ಮಾರುವ ಲೆಕ್ಕ. 1992ರಲ್ಲಿ ಕಾರು ಬಂದಾಗ ಅದರಲ್ಲಿ ಆರೇ ಸಿಲಿಂಡರ್, ಎಂಜಿನ್ನಿಗೆ ಗಾಳಿ ನೂಕುವ ಎರಡು ಟರ್ಬೊ, ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದು ಹಳೇ ಕಾರುಗಳ ಸಂತೆಯೇ ಕುಸಿದಿತ್ತು. ಮುಂಗಡ ಕೊಟ್ಟವರು ಕಾರು ಬೇಡ ಅಂದರು, ಕೋರ್ಟಿಗೂ ಹೋದರು. ಕೊನೆಗೆ ತಯಾರಾದದ್ದು 300ಕ್ಕಿಂತ ಕಡಿಮೆ. ಗಂಟೆಗೆ 340 ಕಿ.ಮೀ. ದಾಟುವ ಕಾರು. ಅಪರೂಪ ಹೌದು, ವೇಗ ಹೌದು. ಆದರೂ ಬಹಳ ವರ್ಷ ಅದರ ಬೆಲೆ ಷೋರೂಮ್ ಬೆಲೆಯ ಅರ್ಧಕ್ಕಿಂತ ಕೆಳಗೇ ಬಿದ್ದಿತ್ತು.

ಹತ್ತಿರದ ಉದಾಹರಣೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ. ಸಾಮಾನ್ಯ ಪೋಲೊ ನಮ್ಮ ಪುಣೆ ಪಕ್ಕದ ಚಾಕಣದಲ್ಲೇ ತಯಾರಾಗುತ್ತಿತ್ತು. ಜಿಟಿಐ ಮಾತ್ರ ಹೊರಗಿನಿಂದ ಬಂತು. 2016ರ ನವೆಂಬರ್‌ನಲ್ಲಿ, 99 ಕಾರು ಮಾತ್ರ ಎಂಬ ಮಾತಿನೊಂದಿಗೆ. 192 ಎಚ್‌ಪಿ, ಮೂರು ಬಾಗಿಲು, ಬೆಲೆ 25.99 ಲಕ್ಷ. ಪೋಲೊಗೆ ಇಷ್ಟು ದುಡ್ಡಾ ಅಂತ ಜನ ಹಿಂದೆ ಸರಿದರು. ಮುಂದಿನ ವರ್ಷ ಬೆಲೆ 19.99 ಲಕ್ಷಕ್ಕೆ ಇಳಿಯಿತು. ಮೊದಲ ದಿನವೇ ಕೊಂಡವನಿಗೆ ಆರು ಲಕ್ಷ ಅಲ್ಲೇ ಹೋಯಿತು. ಈಗ ಅದೇ ಕಾರನ್ನು ಹುಡುಕುವವರು ಇದ್ದಾರೆ. ಆದರೆ ಕಂಪನಿ "ನೂರೇ" ಅಂದ ದಿನಕ್ಕೂ, ಜನ "ನನಗೆ ಬೇಕು" ಅಂದ ದಿನಕ್ಕೂ ನಡುವೆ ಎಷ್ಟು ಅಂತರ ನೋಡಿ.

ಹಗ್ಗ ಯಾವುದರಿಂದ ಹೊಸೆಯುತ್ತಾರೆ?

ಮೊದಲ ಎಳೆ ವಯಸ್ಸು. ಹದಿನೈದು ಹದಿನೆಂಟರಲ್ಲಿ ಗೋಡೆಗೆ ಅಂಟಿಸಿದ ಚಿತ್ರವನ್ನು ಮನುಷ್ಯ ಮರೆಯುವುದಿಲ್ಲ. ನಲವತ್ತೈದು ಐವತ್ತಕ್ಕೆ ಕೈಯಲ್ಲಿ ದುಡ್ಡು ಬಂದಾಗ ಅದನ್ನೇ ಹುಡುಕುತ್ತಾನೆ. ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರನ್ನು ಅಮೆರಿಕದ ಹುಡುಗರು ವಿಡಿಯೊ ಗೇಮ್‌ಗಳಲ್ಲಿ, ಸಿನಿಮಾಗಳಲ್ಲಿ ನೋಡಿ ಬೆಳೆದರು. ಅಲ್ಲಿ ಅದು ಮಾರಾಟವೇ ಆಗಿರಲಿಲ್ಲ. ಅಮೆರಿಕದ ಕಾನೂನಿನಲ್ಲಿ ಇಂಥ ಕಾರು 25 ವರ್ಷ ಹಳೆಯದಾದ ಮೇಲೆ ಸಲೀಸಾಗಿ ತರಿಸಿಕೊಳ್ಳಬಹುದು. 1999ರಲ್ಲಿ ಬಂದ ಆರ್34 ಮಾದರಿಗೆ ಆ ಬಾಗಿಲು ತೆರೆದದ್ದು 2024ರಲ್ಲಿ. ಬಾಗಿಲು ತೆರೆಯುವ ಮೊದಲೇ ಬೆಲೆ ಏರಿ ಕೂತಿತ್ತು.

ನಮ್ಮಲ್ಲಿ ಆ ಜಾಗದಲ್ಲಿ ಇರುವುದು 2000ರ ದಶಕದ ಕಾರುಗಳು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, 100 ಎಚ್‌ಪಿಯ ಫಿಯೆಟ್ ಪಾಲಿಯೊ 1.6. ಹೋಂಡಾ ಸಿಟಿ ವಿಟೆಕ್. 2004ರ ಮೊದಲ ಆಕ್ಟೇವಿಯಾ ಆರ್‌ಎಸ್. ಆಗ ಕಾಲೇಜು ಮೆಟ್ಟಿಲ ಮೇಲೆ ಕೂತು ಇವುಗಳ ಪಿಕಪ್ ಬಗ್ಗೆ ವಾದ ಮಾಡುತ್ತಿದ್ದವರು ಈಗ ನಲವತ್ತು ದಾಟಿದ್ದಾರೆ.

ಎರಡನೇ ಎಳೆ ರೇಸ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೇಸ್‌ಗಳಲ್ಲಿ ಒಂದು ನಿಯಮ ಇತ್ತು. ಕಾರನ್ನು ಓಟಕ್ಕೆ ಇಳಿಸಬೇಕಾದರೆ ಅಂಥದ್ದೇ ಇಷ್ಟು ಕಾರುಗಳನ್ನು ಸಾಮಾನ್ಯ ಜನರಿಗೂ ಮಾರಬೇಕು. ಇದಕ್ಕೆ ಹೋಮೊಲೊಗೇಷನ್ ಅನ್ನುತ್ತಾರೆ. ಪುಣೆಯಲ್ಲಿ ಈ ಮಾತು ಕೇಳಿದವರಿಗೆ ಕೋಥ್ರುಡ್‌ನ ಎಆರ್‌ಎಐ ಸಂಸ್ಥೆ ನೆನಪಾಗಬಹುದು. ಅಲ್ಲಿ ನಡೆಯುವುದು ವಾಹನ ನಮ್ಮ ರಸ್ತೆಗೆ ಯೋಗ್ಯವೇ ಎಂಬ ಪರೀಕ್ಷೆ. ಹೆಸರು ಒಂದೇ, ಕೆಲಸ ಬೇರೆ. 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7 ಹುಟ್ಟಿದ್ದು ಈ ರೇಸ್ ನಿಯಮದಿಂದ. 500 ಮಾರಿದರೆ ಸಾಕಿತ್ತು. ಜನ ಮುಗಿಬಿದ್ದರು, 1,580 ತಯಾರಾದವು. ಅಂದರೆ ಅಂದುಕೊಂಡದ್ದಕ್ಕಿಂತ ಮೂರು ಪಟ್ಟು ಜಾಸ್ತಿ. ಆದರೂ ಇವತ್ತು ಪೋರ್ಷೆ ಪ್ರಿಯರು ಪೂಜಿಸುವ ಕಾರು ಅದು. ಓಟಕ್ಕಾಗಿಯೇ ತೂಕ ಇಳಿಸಿ ಕಟ್ಟಿದ್ದು, ಓಡಿ ಗೆದ್ದದ್ದು. ಸ್ಟಿಕರ್ ಅಂಟಿಸಿ ಮಾಡಿದ ಲಿಮಿಟೆಡ್ ಎಡಿಷನ್ ಅದಲ್ಲ.

ಈ ಲೋಕದ ಶಿಖರದಲ್ಲಿರುವ ಫೆರಾರಿ 250 ಜಿಟಿಒ ಕೂಡ ರೇಸ್ ಕಾರೇ. 1962ರಿಂದ 64ರ ನಡುವೆ 36 ತಯಾರಾದವು. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಆ ಬಳಗದ ಒಂದು ಕಾರು 5.17 ಕೋಟಿ ಡಾಲರ್‌ಗೆ ಹೋಯಿತು, ಅಂದಿನ ಲೆಕ್ಕದಲ್ಲಿ ಸುಮಾರು 430 ಕೋಟಿ ರೂಪಾಯಿ. ಆದರೆ ರೇಸ್ ಬದುಕು ಮುಗಿದ ಹೊಸತರಲ್ಲಿ, 1960ರ ದಶಕದ ಕೊನೆಗೆ, ಇವು ಕೆಲವೇ ಸಾವಿರ ಡಾಲರ್‌ಗೆ ಕೈ ಬದಲಾಯಿಸುತ್ತಿದ್ದ ಹಳೇ ಓಟದ ಕಾರುಗಳು. ಆ ಕೊಡವೂ ತಳ ಮುಟ್ಟಿಯೇ ಮೇಲೆ ಬಂದದ್ದು. ಹರಾಜಿನ ದಾಖಲೆ ಮಾತ್ರ ಬೇರೊಂದು ಕಾರಿನದು. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 2022ರಲ್ಲಿ 13.5 ಕೋಟಿ ಯೂರೊಗೆ ಮಾರಾಟವಾಯಿತು. ಜಗತ್ತಿನಲ್ಲಿ ಇರುವುದೇ ಎರಡು.

ಇನ್ನೊಂದು ಎಳೆ, ಮತ್ತೆ ಸಿಗದ ಅನುಭವ. ಕೈಯಿಂದ ಗೇರ್ ಹಾಕುವ ಕಾರುಗಳು ಕಡಿಮೆಯಾಗುತ್ತಿರುವಂತೆ ಅವುಗಳ ಬೆಲೆ ಏರುತ್ತಿದೆ. ಫೆರಾರಿ 599 ಮಾದರಿಯಲ್ಲಿ ಮ್ಯಾನುವಲ್ ಗೇರ್ ಇದ್ದವು ಸುಮಾರು 30. ಅದೇ ಕಾರು, ಅದೇ ಎಂಜಿನ್. ಆದರೂ ಗೇರ್ ಕೋಲು ಇರುವುದಕ್ಕೆ ಕೊಡುವ ಬೆಲೆಯೇ ಬೇರೆ.

ಕಾರು ಯಾರದ್ದಾಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಚಿನ್ ತೆಂಡುಲ್ಕರ್ 2002ರಲ್ಲಿ ಬ್ರಾಡ್ಮನ್ ಅವರ 29 ಶತಕ ಮುಟ್ಟಿದಾಗ ಅವರಿಗೆ ಉಡುಗೊರೆಯಾಗಿ ಬಂದ ಕೆಂಪು ಫೆರಾರಿ 360 ಮೊಡೆನಾವನ್ನು ಮುಂಬಯಿಯವರು ಇನ್ನೂ ಮರೆತಿಲ್ಲ. ಅದೇ ಸಚಿನ್ 2020ರಲ್ಲಿ, ತಮ್ಮ ಮೊದಲ ಕಾರು ಮಾರುತಿ 800 ಯಾರ ಬಳಿ ಇದ್ದರೂ ತಿಳಿಸಿ ಎಂದು ಎಲ್ಲರ ಮುಂದೆ ಕೇಳಿಕೊಂಡರು. ಬೇರೆ 800ಕ್ಕೂ ಆ 800ಕ್ಕೂ ತಗಡಿನಲ್ಲಿ ವ್ಯತ್ಯಾಸ ಇಲ್ಲ. ಅದೇ ಕಾರು ಇದು ಎಂದು ತೋರಿಸುವ ಕಾಗದ ಬೇಕು, ಅಷ್ಟೇ.

ನಮ್ಮ ಸಂತೆ ಬೇರೆ

ವಿದೇಶದ ಹರಾಜಿನ ಸುದ್ದಿ ಓದಿ ಇಲ್ಲಿ ಕಾರು ಕೊಳ್ಳುವವರು ಒಂದು ದೊಡ್ಡ ವಿಷಯ ಮರೆಯುತ್ತಾರೆ. ಅಲ್ಲಿ ಒಂದು ಫೆರಾರಿಯನ್ನು ಲಂಡನ್‌ನವನು ಮಾರಿದರೆ ಟೋಕಿಯೊದವನು ಕೊಳ್ಳಬಹುದು. ನಮ್ಮಲ್ಲಿ ಬೇಲಿ ಇದೆ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಸಾಮಾನ್ಯವಾಗಿ ಒಳಗೆ ತರುವಂತಿಲ್ಲ. ಹಾಗಾಗಿ 2004ರ ಆಕ್ಟೇವಿಯಾ ಆರ್‌ಎಸ್ ದೇಶದಲ್ಲಿ ಎಷ್ಟಿವೆಯೋ ಅಷ್ಟೇ, ಹೊಸದಾಗಿ ಸೇರುವುದಿಲ್ಲ. ಇದು ಇಟ್ಟುಕೊಂಡವನಿಗೆ ಲಾಭ. ಆದರೆ ನಮ್ಮ ಕಾರನ್ನು ಹೊರಗಿನವನು ಬಂದು ಕೊಳ್ಳುವುದೂ ಹೆಚ್ಚುಕಡಿಮೆ ಇಲ್ಲ. ಮಾರುವ ದಿನ ಇಡೀ ದೇಶದಲ್ಲಿ ಹತ್ತಿಪ್ಪತ್ತು ಜನ ಆಸಕ್ತರು ಸಿಕ್ಕರೆ ಪುಣ್ಯ.

ಈ ಕಾರುಗಳು ನೂರು, ನೂರೈವತ್ತರ ಲೆಕ್ಕದಲ್ಲಿ ಬರುವುದಕ್ಕೂ ಕಾರಣ ಇದೆ. ಯುರೋಪ್, ಜಪಾನ್ ಮಟ್ಟದ ಪರೀಕ್ಷೆ ಮುಗಿಸಿದ ಕಾರುಗಳನ್ನು ಒಂದು ಕಂಪನಿ ವರ್ಷಕ್ಕೆ 2,500ರವರೆಗೆ, ಇಲ್ಲಿ ಮತ್ತೆ ಪೂರ್ತಿ ಪರೀಕ್ಷೆ ಮಾಡಿಸದೆ ತರಬಹುದು ಎಂದು 2018ರಲ್ಲಿ ಸರ್ಕಾರ ದಾರಿ ಮಾಡಿಕೊಟ್ಟಿತು. ಕಂಪನಿಗಳು ಆ ಲೆಕ್ಕದೊಳಗೆ ಸ್ವಲ್ಪ ಸ್ವಲ್ಪ ತರುತ್ತವೆ. ಇವತ್ತು 100 ಬಂದದ್ದು ಬೇಡಿಕೆ ಕಂಡು ನಾಳೆ ಇನ್ನೊಂದು ಕಂತು ಬರಬಹುದು. ಹಾಗಾಗಿ "ಇಷ್ಟೇ" ಎಂಬ ಮಾತಿಗೆ ಕಲ್ಲಿನ ಮೇಲೆ ಬರೆದಷ್ಟು ಬಲ ಇಲ್ಲ.

ಇನ್ನು ಸುಂಕ. 40,000 ಡಾಲರ್‌ಗಿಂತ ದುಬಾರಿ ಕಾರು ಪೂರ್ತಿ ತಯಾರಾಗಿ ಬಂದರೆ ಬಂದರಿನಲ್ಲೇ ಶೇ 110ರಷ್ಟು ಸುಂಕ ಬೀಳುತ್ತಿತ್ತು, ಅದರ ಮೇಲೆ ಜಿಎಸ್‌ಟಿ. ಅಂದರೆ ಈ ಬೆಲೆಯ ದೊಡ್ಡ ಪಾಲು ಕಾರಿನದಲ್ಲ, ಗೋಡೆಯದು. ಆ ಗೋಡೆ ಈಗ ತಗ್ಗುತ್ತಿದೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿಂದ ಬರುವ ನಿಗದಿತ ಸಂಖ್ಯೆಯ ಕಾರುಗಳ ಸುಂಕ ಹಂತಹಂತವಾಗಿ ಶೇ 10ಕ್ಕೆ ಇಳಿಯಬೇಕು ಎಂದಿದೆ. ಹೊಸ ಕಾರು ಅಗ್ಗವಾದರೆ ಸುಂಕ ಕಟ್ಟಿ ತಂದ ಹಳೇ ಕಾರಿನ ಬೆಲೆ ಎಲ್ಲಿ ನಿಲ್ಲುತ್ತದೆ? ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಏರಿದ್ದು ಬೇರೆ, ಗಳಿಸಿದ್ದು ಬೇರೆ

ಅಳಿಯನ ಮುಂದೆ ನಾನು ಕ್ಯಾಲ್ಕುಲೇಟರ್ ಇಟ್ಟೆ. 50 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ 15 ವರ್ಷ ಬಿಟ್ಟರೆ, ಬಡ್ಡಿ ಮೇಲಿನ ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 1.38 ಕೋಟಿ ಆಗುತ್ತದೆ. ಅಂದರೆ ಕಾರು 15 ವರ್ಷದ ಮೇಲೆ ಒಂದು ಕೋಟಿಗೆ ಹೋದರೂ, "ಡಬಲ್ ಆಯ್ತು" ಅಂತ ಖುಷಿಪಟ್ಟರೂ, ಬ್ಯಾಂಕಿನ ಮುಂದೆ ಸೋತ ಹಾಗೆಯೇ. ಅದರ ಮೇಲೆ ಷೋರೂಮ್ ಬೆಲೆಗೆ ಸೇರುವ ರಸ್ತೆ ತೆರಿಗೆ, ಪ್ರತಿ ವರ್ಷದ ವಿಮೆ, ಸರ್ವಿಸ್, ಟೈರು, ಬ್ಯಾಟರಿ. ಮುಂಬಯಿಯಲ್ಲಾದರೆ ಪಾರ್ಕಿಂಗ್ ಜಾಗದ್ದೇ ಒಂದು ಲೆಕ್ಕ.

ಆರ್‌ಎಕ್ಸ್ 100ಕ್ಕೂ ಇದೇ ಲೆಕ್ಕ ಹಾಕಿ. 1990ರಲ್ಲಿ ಅಂದಾಜು 20,000 ರೂಪಾಯಿ ಅಂತಿಟ್ಟುಕೊಳ್ಳಿ. ಶೇ 8ರ ಚಕ್ರಬಡ್ಡಿಗೆ 30 ವರ್ಷದಲ್ಲಿ ಅದು ಎರಡು ಲಕ್ಷ. ಬೈಕಿನ ಬೆಲೆ ಏರಿದ್ದು ನಿಜ, ಆದರೆ ಬಹುತೇಕರಿಗೆ ಬ್ಯಾಂಕಿಗಿಂತ ಹೆಚ್ಚು ಕೊಟ್ಟಿಲ್ಲ. ಹಾಗಂತ ಅದನ್ನು ಇಟ್ಟುಕೊಂಡವರು ಸೋತರು ಅಂತ ನಾನು ಹೇಳುವುದಿಲ್ಲ. ಮೂವತ್ತು ವರ್ಷ ಓಡಿಸಿದರಲ್ಲ! ಎಫ್‌ಡಿ ರಸೀದಿ ಮೇಲೆ ಕೂತು ಯಾರೂ ಆಗುಂಬೆ ಘಾಟಿ ಹತ್ತಿಲ್ಲ.

ಓಡಿಸದೆ ಇಟ್ಟರೆ ಇನ್ನೊಂದು ಪೇಚು. ಕಡಿಮೆ ಓಡಿದ ಕಾರಿಗೆ ಬೆಲೆ ಜಾಸ್ತಿ, ಆದರೆ ಓಡದ ಕಾರು ಕೆಡುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಟೈರಿನ ತಳ ಚಪ್ಪಟೆಯಾಗುತ್ತದೆ, ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಹಾಗೇ ಬಿಟ್ಟರೆ ನೀರು ಸೇರಿ ತುಕ್ಕು ಶುರು. 2000ರ ದಶಕದ ಕಾರುಗಳ ಪೆಟ್ರೋಲ್ ಪೈಪು, ವಾಷರ್‌ಗಳನ್ನು ಇಷ್ಟು ಎಥನಾಲ್‌ಗಾಗಿ ಮಾಡಿರಲಿಲ್ಲ. ಮುಂಬಯಿ, ಗೋವಾದ ಉಪ್ಪುಗಾಳಿಯಲ್ಲಿ ಕವರ್ ಹಾಕಿ ಬಿಟ್ಟರೆ ಕವರ್ ಒಳಗೇ ತೇವ ಕಟ್ಟಿಕೊಳ್ಳುತ್ತದೆ. ಅದೇ ಕಾರು ಪುಣೆಯ ಒಣ ಹವೆಯಲ್ಲಿ ಹೆಚ್ಚು ದಿನ ಬಾಳುತ್ತದೆ.

ಬಿಡಿಭಾಗದ್ದು ಇದಕ್ಕಿಂತ ದೊಡ್ಡ ಚಿಂತೆ. ಪುಣೆ ಪಕ್ಕದ ರಾಂಜಣಗಾಂವ್‌ನಲ್ಲಿ ತಯಾರಾದ ಪುಂಟೊ ಅಬಾರ್ತ್ 2015ರಲ್ಲಿ 9.95 ಲಕ್ಷಕ್ಕೆ 145 ಎಚ್‌ಪಿ ಕೊಟ್ಟಿತು. ಆ ಬೆಲೆಗೆ ಅಷ್ಟು ಶಕ್ತಿ ಬೇರೆ ಯಾರೂ ಕೊಟ್ಟಿರಲಿಲ್ಲ. 2019ಕ್ಕೆ ಫಿಯೆಟ್ ಹೆಸರೇ ನಮ್ಮ ಷೋರೂಮುಗಳಿಂದ ಹೋಯಿತು. ಮುಂದೆ ಬೆಲೆ ಬರುವ ಎಲ್ಲ ಲಕ್ಷಣ ಇರುವ ಕಾರು ಅದು ಎಂದೇ ನನ್ನ ಅನಿಸಿಕೆ. ಆದರೆ ಹೆಡ್‌ಲೈಟ್ ಒಡೆದರೆ ಪುಣೆಯ ನಾನಾ ಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಲು ತಯಾರಿರಬೇಕು. ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಒಂದು ಪಾನಾ ಹಿಡಿದು ರಿಪೇರಿ ಮಾಡಬಹುದಿತ್ತು. ಇಂದಿನ ವೇಗದ ಕಾರುಗಳಲ್ಲಿ ಗೇರ್‌ಬಾಕ್ಸ್‌ನಿಂದ ಹಿಡಿದು ಬಾಗಿಲವರೆಗೆ ಕಂಪ್ಯೂಟರ್. 20 ವರ್ಷದ ಮೇಲೆ ಆ ಚಿಪ್ ಮಾಡಿಕೊಡುವವರು ಯಾರು ಎಂಬುದು ಹಗ್ಗ ಗಟ್ಟಿ ಇದ್ದರೂ ಕೊಡ ತೂತಾಗುವ ಜಾಗ.

ಕಾಗದ, ವಿಮೆ, ತೆರಿಗೆ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ ಶುಲ್ಕ 10,000 ರೂಪಾಯಿ. ಹೊರದೇಶದಿಂದ ತರಿಸಿದ ಕಾರಾದರೆ 80,000. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಇದೆ. 50 ವರ್ಷ ದಾಟಿದ ಮೇಲೆ ಕಾರು "ವಿಂಟೇಜ್" ಆಗುತ್ತದೆ. 2021ರ ನಿಯಮದಂತೆ ಅದಕ್ಕೆ ವಿಎ ಅಕ್ಷರದ ಬೇರೆ ನಂಬರ್ ಪ್ಲೇಟು. 20ರಿಂದ 50ರ ನಡುವಿನ ಕಾರಿಗೆ ಆ ಮರ್ಯಾದೆ ಇಲ್ಲ, ಅದು ಬರೀ ಹಳೇ ಕಾರು. ಮುಂದೆ ಊರಿಗೆ ಮರಳುವ ಯೋಚನೆ ಇದ್ದವರು ನೆನಪಿಡಿ. ಎಂಎಚ್ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಮಹಾರಾಷ್ಟ್ರದ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ತಂದು ಅಲ್ಲಿನ ತೆರಿಗೆ ಕಟ್ಟಬೇಕು.

ವಿಮೆಯಲ್ಲಿ ಐಡಿವಿ ಅಂತ ಒಂದಿದೆ. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ನಿಗದಿತ ಪಟ್ಟಿಯಂತೆ ಅದು ವರ್ಷ ವರ್ಷ ಇಳಿಯುತ್ತದೆ, ಐದನೇ ವರ್ಷಕ್ಕೆ ಅರ್ಧ. ಹೊರಗೆ ನಿಮ್ಮ ಕಾರಿಗೆ 55 ಲಕ್ಷ ಕೊಡುವವರಿದ್ದರೂ ವಿಮೆಯ ಕಣ್ಣಿಗೆ ಅದು 25 ಲಕ್ಷದ ಕಾರು. ಐದು ವರ್ಷ ದಾಟಿದ ಮೇಲೆ ನೀವೂ ವಿಮೆ ಕಂಪನಿಯೂ ಒಪ್ಪಿದ ಮೊತ್ತವೇ ಐಡಿವಿ. ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಒಂದು ಸಮಾಧಾನದ ಸಂಗತಿಯೂ ಇದೆ. ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ನಮ್ಮ ಆದಾಯ ತೆರಿಗೆ ನಿಯಮದಲ್ಲಿ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಅಂಗಡಿ, ಹೋಟೆಲ್ ಲೆಕ್ಕದಲ್ಲಿ ತೋರಿಸಿದ ಕಾರಿಗೆ ಇದು ಅನ್ವಯಿಸದು.

ಹಳೇ ಕಾರು ಕೊಳ್ಳುವವರಿಗೆ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಗೆ ಹೊಂದಬೇಕು ಎಂದು ಗೊತ್ತೇ ಇರುತ್ತದೆ. ಬಣ್ಣ, ಚಕ್ರ, ಸೈಲೆನ್ಸರ್ ಎಲ್ಲ ಕಂಪನಿಯದೇ ಇದ್ದರೆ ಒಳ್ಳೆಯದು. ಇದಕ್ಕೆ ಹುಡುಗರು "ಸ್ಟಾಕ್" ಅನ್ನುತ್ತಾರೆ. ಮುಂಬಯಿಯ 2000ರ ದಶಕದ ಕಾರಾದರೆ ಇನ್ನೊಂದು ಪ್ರಶ್ನೆ ಸೇರಿಸಿ. 2005ರ ಜುಲೈ 26ರಂದು ಈ ಕಾರು ಎಲ್ಲಿತ್ತು? ಆ ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಸಾವಿರಾರು ಕಾರು ಮುಳುಗಿದ್ದವು. ಈಗ ಜನ ಹುಡುಕುತ್ತಿರುವ ಪಾಲಿಯೊ, ವಿಟೆಕ್, ಹಳೇ ಆಕ್ಟೇವಿಯಾಗಳೆಲ್ಲ ಆಗ ಹೊಸ ಕಾರುಗಳು. ಮೇಲಿನ ಬಣ್ಣ ಎಷ್ಟೇ ಹೊಳೆಯಲಿ, ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿ ನೋಡಿ. ಸೀಟಿನ ಹಳಿಗಳ ಮೇಲೆ ತುಕ್ಕಿದೆಯಾ ನೋಡಿ.

ಅಳಿಯ ಹೊಸ ಆಕ್ಟೇವಿಯಾದ ಹಿಂದೆ ಹೋಗಲಿಲ್ಲ. ಕಳೆದ ತಿಂಗಳು ವಾಸ್ಕೊದಲ್ಲಿ 2003ರ ಪಾಲಿಯೊ 1.6 ಒಂದು ಇದೆ ಅಂತ ಕೇಳಿ ನೋಡಲು ಹೊರಟ. ಎಂಎಚ್ 01, ಅಂದರೆ ಮುಂಬಯಿ ನಂಬರ್. ಮಾಲೀಕರು ಕಾರವಾರದ ಕಡೆಯವರು, ಬಹಳ ವರ್ಷ ಮುಂಬಯಿಯಲ್ಲಿ ಕೆಲಸ ಮಾಡಿದ್ದವರು. ಇವನು ಆ ಪ್ರಶ್ನೆಯನ್ನೇ ಮೊದಲು ಕೇಳಿದ. ಅವರು ಏನೂ ಹೇಳದೆ ಒಳಗೆ ಹೋಗಿ ಒಂದು ಫೈಲ್ ತಂದರಂತೆ. ಸಂಜೆ ಅದರಿಂದ ಒಂದು ಹಾಳೆಯ ಫೋಟೊ ನನ್ನ ಫೋನಿಗೆ ಬಂತು. ಬೆಳಗಾವಿಯ ಗ್ಯಾರೇಜಿನ ಬಿಲ್. ಆಯಿಲ್, ಫಿಲ್ಟರ್ ಬದಲಾವಣೆ, ಮೀಟರಿನಲ್ಲಿ 31,000 ಕಿ.ಮೀ. ಚಿಲ್ಲರೆ. ದಿನಾಂಕ 26-7-2005.